ಸಪ್ತಾಪುರದಲ್ಲಿ ಇಪ್ಪತ್ತು ನಿಮಿಷ

ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಹಿಡಿಯಿತೆಂದರೆ ಬೆಳಗಾದದ್ದು ಬೆಳಕಿನಿಂದ ಗೊತ್ತಾಗುವುದಿಲ್ಲ, ಹಾಲು ಹಾಕುವವನ ಬೈಕಿನ ಹಾರ್ನಿನಿಂದ ಗೊತ್ತಾಗಬೇಕು. ಸಪ್ತಾಪುರದ ಗೆಳೆಯನ ಮನೆಯಲ್ಲಿ ವಾರೊಪ್ಪತ್ತು ಉಳಿದಿದ್ದಾಗ ನನಗೆ ಅದಕ್ಕೂ ಮೊದಲೇ ಎಚ್ಚರವಾಗುತ್ತಿತ್ತು. ಮಾಳಿಗೆ ಮೇಲಿನ ಎರಡು ಖೋಲಿಗಳಲ್ಲಿ ಐದು ಜನ ಹುಡುಗಿಯರು ಬಾಡಿಗೆಗಿದ್ದರು. ಐದು ಗಂಟೆಗೆ ಬಕೀಟಿನ ಸದ್ದು, ಆಮೇಲೆ ಯಾರೋ ತಲೆ ಬಾಚುತ್ತ ಹದಿನೇಳರ ಮಗ್ಗಿ ಗುನುಗುವ ಸದ್ದು, ಐದೂವರೆಗೆ ಸರಿಯಾಗಿ ಮೆಟ್ಟಿಲ ಮೇಲೆ ರಬ್ಬರ್ ಚಪ್ಪಲಿಗಳ ಚಪಚಪ. ಗೇಟು ಕಿರ್ರೆಂದು ಮುಚ್ಚಿಕೊಂಡರೆ ಮನೆ ಮತ್ತೆ ನಿದ್ದೆಗೆ ಹೋಗುತ್ತಿತ್ತು.

ಒಂದು ದಿನ ಅವರ ಹಿಂದೆಯೇ ನಾನೂ ಹೊರಟೆ. ನೀವೂ ಬನ್ನಿ. ಕೊಡೆ ಒಂದೇ ಇದೆ, ಹೊಂದಿಕೊಂಡು ನಡೆಯೋಣ.

ಬೀದಿದೀಪ ಇನ್ನೂ ಆರಿಲ್ಲ. ಝೆರಾಕ್ಸ್ ಅಂಗಡಿಯ ಷಟರು ಅರ್ಧ ಎದ್ದಿದೆ, ಒಳಗೆ ಯಂತ್ರ ಬಿಸಿಯಾಗುತ್ತಿರುವ ವಾಸನೆ. ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ ಕ್ಲಿಪ್ಪು ಸಿಕ್ಕಿಸಿ ಇಳಿಬಿಟ್ಟ ಪುಸ್ತಿಕೆಗಳು. ಪಿಎಸ್‌ಐ, ಎಫ್‌ಡಿಎ, ರೈಲ್ವೆ, ಬ್ಯಾಂಕು, ಕೆಎಎಸ್, ಯಾವ ನೌಕರಿ ಬೇಕೋ ಆ ನೌಕರಿಯ ಹಿಂದಿನ ವರ್ಷಗಳ ಪ್ರಶ್ನೆಗಳು ಗಾಳಿಗೆ ಪಟಪಟ ಅನ್ನುತ್ತಿವೆ. ಎದುರಿನ ಕಂಪೌಂಡಿನ ಮೇಲೊಂದು ಫ್ಲೆಕ್ಸು, ಅದರ ತುಂಬ ಆಯ್ಕೆಯಾದವರ ಮುಖಗಳು ಸಾಲುಸಾಲಾಗಿ ಮಳೆಯಲ್ಲಿ ತೊಯ್ಯುತ್ತಿವೆ. ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಸಂಸ್ಥೆಯ ಫ್ಲೆಕ್ಸು. ಅದರಲ್ಲೂ ಅವೇ ಒಂದೆರಡು ಮುಖ. ಇರಲಿ, ಆ ಹುಡುಗ ಎರಡೂ ಕಡೆ ಕಲಿತಿರಬಹುದು.

ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಕಲಬುರಗಿ ಕಡೆಯಿಂದ ಟ್ರಂಕು, ಹಾಸಿಗೆ ಸುರುಳಿ, ಖಡಕ್ ರೊಟ್ಟಿಯ ಗಂಟು ಹಿಡಿದು ಬಂದಿಳಿಯುವ ಮಕ್ಕಳಿಗೆ ಈ ಓಣಿಗಳೇ ಧಾರವಾಡ. ಪೇಡೆ, ಸಂಗೀತ, ಸಾಹಿತ್ಯದ ಧಾರವಾಡ ಬೇರೆ ಎಲ್ಲೋ ಇದೆ ಎಂದು ಅವರೂ ಕೇಳಿದ್ದಾರೆ. ನೋಡಲು ಹೊತ್ತು ಸಿಕ್ಕಿಲ್ಲ.

ರೀಡಿಂಗ್ ರೂಮು ಮೊದಲ ಮಹಡಿಯಲ್ಲಿದೆ. ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಡಿ, ಈಗಾಗಲೇ ನಲವತ್ತೈವತ್ತು ಜೊತೆ ಒಂದರ ಮೇಲೊಂದು ಬಿದ್ದಿವೆ, ಸಂಜೆ ನಿಮ್ಮವನ್ನು ಹುಡುಕುವುದೇ ಒಂದು ರೀಜನಿಂಗ್ ಪ್ರಶ್ನೆಯಾದೀತು. ಒಳಗೆ ತೊಯ್ದ ಕೊಡೆಗಳ, ಕೊಬ್ಬರಿ ಎಣ್ಣೆಯ, ಹೊಸ ಪ್ಲೈವುಡ್ಡಿನ ವಾಸನೆ. ಕುದುರೆಲಾಯದಂತೆ ಸಾಲಾಗಿ ಕೊರೆದ ಕ್ಯಾಬಿನ್ನುಗಳು, ಪ್ರತಿಯೊಂದರಲ್ಲಿ ಒಂದು ಕುರ್ಚಿ, ಒಂದು ಪುಟ್ಟ ದೀಪ, ಒಂದು ಬಗ್ಗಿದ ಬೆನ್ನು. ಯಾರೂ ಮಾತಾಡುವುದಿಲ್ಲ. ಕಿವಿ ಹೊಂದಿಕೊಂಡ ಮೇಲೆ ಸದ್ದುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ: ಫ್ಯಾನಿನದು, ಹಾಳೆ ಮಗುಚುವುದು, ಯಾರದೋ ಪೆನ್ನಿನ ಟಿಕ್‌ಟಿಕ್, ತುಟಿಯೊಳಗೇ ನಡೆಯುವ ಗುಣಾಕಾರ.

ಗೆಳೆಯನ ಮನೆಯ ಐವರಲ್ಲಿ ಸೇಡಂ ಕಡೆಯ ಹುಡುಗಿಯದು ಕಿಟಕಿ ಬದಿಯ ಕ್ಯಾಬಿನ್ನು. ಬಿ.ಕಾಂ. ಮುಗಿಸಿ ಎರಡು ವರ್ಷ. ಮನೆಯಲ್ಲಿ ತೊಗರಿ ಹೊಲ, ಎರಡು ಎಮ್ಮೆ. ಕ್ಯಾಬಿನ್ನಿನ ಮೂರೂ ಗೋಡೆಗೆ ಹಳದಿ ಚೀಟಿಗಳನ್ನು ಅಂಟಿಸಿದ್ದಾಳೆ. 1/7 ಎಂದರೆ ಶೇಕಡಾ 14.28. 1/8 ಎಂದರೆ 12.5. 1/11 ಎಂದರೆ 9.09. 1/13 ಎಂದರೆ 7.69. ಮೂವತ್ತರವರೆಗಿನ ವರ್ಗಗಳು ಒಂದು ಚೀಟಿ, ಇಪ್ಪತ್ತರವರೆಗಿನ ಘನಗಳು ಇನ್ನೊಂದು. ದೇವರ ಪಟ ಎಲ್ಲೂ ಕಾಣಲಿಲ್ಲ. ಇವುಗಳ ನಡುವೆ ಒಂದು ಸಣ್ಣ ಕುಂಕುಮದ ಬೊಟ್ಟು ಮಾತ್ರ ಇತ್ತು.

ಅವಳು ಮೊಬೈಲಿನಲ್ಲಿ ಐದು ನಿಮಿಷಕ್ಕೆ ಗಂಟೆ ಇಟ್ಟು ಅದನ್ನು ಬೋರಲು ಮಲಗಿಸಿದಳು. ನಿಮಿಷಗಳು ಓಡುವುದು ಕಂಡರೆ ಕೈ ನಡುಗುತ್ತದಂತೆ. ಹತ್ತು ಲೆಕ್ಕ ಶುರುವಾದವು. ನಾನು ಹಿಂದೆ ನಿಂತು ಮೊದಲನೆಯದನ್ನು ಓದಿದೆ: 649.87ರ ಶೇಕಡಾ 47.98, ಅದಕ್ಕೆ 14.03ರ ವರ್ಗ ಕೂಡಿಸಿ, ಸುಮಾರು ಎಷ್ಟು? ನಮ್ಮ ಕಾಲದ ಶಾಲೆಯಲ್ಲಿ ಕಲಿತವನಿಗೆ ಎದೆ ಧಸಕ್ಕೆನ್ನುವ ಲೆಕ್ಕ. ದಶಾಂಶ ಬಿಂದುವಿನ ಮುಂದೆ ಒಂದೊಂದೇ ಅಂಕಿ ಇಟ್ಟುಕೊಂಡು ಗುಣಿಸುತ್ತ ಕೂತರೆ ಅರ್ಧ ಪುಟ ಬೇಕು. ಅವಳು ಪೆನ್ನೇ ಊರಲಿಲ್ಲ. 650ರ ಶೇಕಡಾ 48 ಅಂದರೆ 312, 14ರ ವರ್ಗ 196, ಒಟ್ಟು 508. ಅಂಕಿಗಳ ಅಂಚಿಗೆ ಅಂಟಿದ ಚಿಲ್ಲರೆಯನ್ನು ಮೊರದಲ್ಲಿ ಹೊಟ್ಟು ಹಾರಿಸಿದ ಹಾಗೆ ಹಾರಿಸಿ, ಕಾಳು ಮಾತ್ರ ಉಳಿಸಿಕೊಂಡಳು. ನಾನು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಅವಳು ಮೂರನೆಯದರಲ್ಲಿದ್ದಳು.

ಮೂರನೆಯದು ಸರಣಿ. 7, 8, 18, 57, 232, ಮುಂದೆ? ಇಲ್ಲಿ ಪೆನ್ನು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಅಂಕಿಗಳ ನಡುವಿನ ಸಂದುಗಳಲ್ಲಿ ಚುಕ್ಕೆ ಇಡುತ್ತ ಹೋದಳು. ಒಂದರಿಂದ ಗುಣಿಸಿ ಒಂದು ಕೂಡಿಸು, ಎರಡರಿಂದ ಗುಣಿಸಿ ಎರಡು ಕೂಡಿಸು, ಮೂರು, ನಾಲ್ಕು, ಐದು. 1165. ಅಷ್ಟೂ ಹೊತ್ತು ಅವಳ ಎಡಗೈ ಹೆಬ್ಬೆರಳು ಬೆರಳಗಿಣ್ಣುಗಳ ಮೇಲೆ ಓಡಾಡುತ್ತಿತ್ತು. ಜಪಮಣಿ ಎಣಿಸುವವರ ಬೆರಳು ಹೀಗೇ ಓಡಾಡುತ್ತದೆ, ಸಂತೆಯಲ್ಲಿ ಎಮ್ಮೆಯ ರೇಟು ಕುದುರಿಸುವವರದೂ.

ಏಳೂವರೆಗೆ ರೂಮು ಅರ್ಧ ಖಾಲಿಯಾಗಿ ಎದುರಿನ ಚಹಾದಂಗಡಿ ತುಂಬಿತು. ಹಬೆಯಾಡುವ ಅವಲಕ್ಕಿ, ಬಾಣಲೆಯಲ್ಲಿ ಮಿರ್ಚಿ, ಮಳೆಗೆ ಒತ್ತಿಕೊಂಡು ತಗಡಿನ ಕೆಳಗೆ ನಿಂತ ಮೂವತ್ತು ಜನ. ಇಲ್ಲಿ ಬಾಯಿ ಬಿಚ್ಚುತ್ತದೆ. ಮಾಕು, ಕಟ್‌ಆಫು, ನೆಗೆಟಿವ್ವು, ಡಿಐ ಎಂಬ ಮಾತುಗಳು ಅವಲಕ್ಕಿಯ ಮೇಲಿನ ಸೇವಿನಂತೆ ಉದುರುತ್ತವೆ. ಮಾಕು ಅಂದರೆ ಅಸಲಿ ಪರೀಕ್ಷೆಯ ಅಣಕು. ಡಿಐ ಅಂದರೆ ಒಂದು ಕೋಷ್ಟಕವನ್ನೋ ರೊಟ್ಟಿ ಕತ್ತರಿಸಿದಂಥ ಚಿತ್ರವನ್ನೋ ಕೊಟ್ಟು ಅದರ ಮೇಲೆ ಸಾಲಾಗಿ ಪ್ರಶ್ನೆ ಕೇಳುವುದು.

ಪಕ್ಕದಲ್ಲೇ ಬುಟ್ಟಿಯಲ್ಲಿ ಬದನೆಕಾಯಿ ಇಟ್ಟುಕೊಂಡು ಕೂತ ಅಜ್ಜಿಯ ಕೈಲಿ ಖಾನಾವಳಿಯ ಹುಡುಗ ದೀಡ ಕಿಲೋ ತೂಗಿಸಿದ. ಕಿಲೋಕ್ಕೆ 64. "ತೊಂಬತ್ತಾರು ಕೊಡು, ಒಂದು ರೂಪಾಯಿ ಬಿಡಂಗಿಲ್ಲ ಮತ್ತ" ಎಂದಳು ಅಜ್ಜಿ, ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ. ತಗಡಿನ ಕೆಳಗೆ ನಿಂತ ಹುಡುಗನೊಬ್ಬ ಪಕ್ಕದವನ ಪಕ್ಕೆಗೆ ತಿವಿದು, "ಅಜ್ಜಿಗೆ ಎರಡು ಸೆಕೆಂಡ್ ಲೇ" ಎಂದ. ಕಾಲ್ಮಗ್ಗಿ, ಅರೆಮಗ್ಗಿ, ಮುಕ್ಕಾಲ್ಮಗ್ಗಿಗಳನ್ನು ಒಂದು ಕಾಲದಲ್ಲಿ ಶಾಲೆಯ ಜಗಲಿ ಮೇಲೆ ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದರು. ಶಾಲೆಗೆ ಹೋಗದ ಈ ಅಜ್ಜಿ ಅವನ್ನು ಎಲ್ಲಿ ಕಲಿತಳೋ. ಶಾಲೆಗಳಂತೂ ಅವನ್ನು ಮರೆತವು. ಈಗ ಅವೇ ಶೇಕಡಾ ಚೀಟಿಗಳಾಗಿ, ಫೀಸು ಕಟ್ಟಿಸಿಕೊಂಡು, ಸಪ್ತಾಪುರದ ಗೋಡೆಗಳಿಗೆ ವಾಪಸು ಬಂದಿವೆ.

ಹತ್ತು ಗಂಟೆಗೆ ಮಾಕು. ಹಿಂದಿನ ಓಣಿಯ ಕೋಚಿಂಗ್ ಸೆಂಟರಿನ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರು, ನಲವತ್ತು ಮುಖ. ಕಿಟಕಿಗಳಿಗೆ ಪರದೆ ಎಳೆದಿದ್ದಾರೆ, ಕಂಪ್ಯೂಟರಿನ ನೀಲಿ ಬೆಳಕು ಕೆನ್ನೆಗಳ ಮೇಲೆ ಬಿದ್ದಿದೆ. ಎಲ್ಲರ ಮುಂದೂ ಒಂದೊಂದು ಕಚ್ಚಾ ಹಾಳೆ, ಒಂದು ಪೆನ್ನು. ಕ್ಯಾಲ್ಕುಲೇಟರು ಇಲ್ಲ. ಅಸಲಿ ಪರೀಕ್ಷೆಯಲ್ಲೂ ಇರುವುದಿಲ್ಲ, ಅಲ್ಲಿ ಕಚ್ಚಾ ಹಾಳೆಯನ್ನೂ ವಾಪಸು ಕೊಟ್ಟು ಬರಬೇಕು. ಸರ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಾರೆ. ನಮಗೂ ಕಣ್ಣಲ್ಲೇ ಸನ್ನೆ ಮಾಡಿದರು: ಗೋಡೆಗೆ ಒರಗಿ ನಿಲ್ಲಿ, ಕೆಮ್ಮಬೇಡಿ.

ಇಂಗ್ಲಿಷ್ ಭಾಗ ಮುಗಿದು ಲೆಕ್ಕದ ಭಾಗ ತೆರೆಯಿತು. ಪರದೆಯ ಬಲಕ್ಕೆ, ಮೇಲ್ಮೂಲೆಯಲ್ಲಿ 20:00. ಅದರ ಕೆಳಗೆ ಪ್ರಶ್ನೆಗಳ ಸಂಖ್ಯೆ ಬರೆದ ಚೌಕಗಳು. ಉತ್ತರಿಸಿದರೆ ಚೌಕ ಹಸಿರು, ನೋಡಿ ಹಾಗೇ ಬಿಟ್ಟರೆ ಕೆಂಪು, ಆಮೇಲೆ ಬರುತ್ತೇನೆ ಎಂದು ಗುರುತಿಟ್ಟರೆ ನೇರಳೆ. 35 ಚೌಕಗಳು. ಬ್ಯಾಂಕುಗಳ ಕ್ಲರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಲೆಕ್ಕಕ್ಕೆಂದು ಕೊಡುವುದು ಇಷ್ಟೇ: 35 ಪ್ರಶ್ನೆ, 20 ನಿಮಿಷ. ಗಡಿಯಾರ ಸೊನ್ನೆ ಮುಟ್ಟಿದರೆ ಕಂಪ್ಯೂಟರು ತಾನೇ ಆ ಭಾಗವನ್ನು ಮುಚ್ಚಿ ಮುಂದಿನದಕ್ಕೆ ದಬ್ಬುತ್ತದೆ, ಒಮ್ಮೆ ಮುಚ್ಚಿದ ಬಾಗಿಲಿಗೆ ಮತ್ತೆ ಬರುವಂತಿಲ್ಲ. ಪ್ರಶ್ನೆಯೊಂದಕ್ಕೆ ಸಿಗುವುದು ಮೂವತ್ನಾಲ್ಕು ಸೆಕೆಂಡು ಮತ್ತು ಒಂದಿಷ್ಟು ಚೂರು. ಬಸ್ಸು ಸ್ಟಾಪಿನಲ್ಲಿ ನಿಂತು, ಇಳಿಯುವವರು ಇಳಿದು, ಹತ್ತುವವರು ಹತ್ತಿ, ಕಂಡಕ್ಟರು ಸೀಟಿ ಊದುವಷ್ಟು ಹೊತ್ತು. ಅಷ್ಟರಲ್ಲಿ ಪ್ರಶ್ನೆ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಬಿಡಿಸಬೇಕು, ಐದು ಉತ್ತರಗಳಲ್ಲಿ ಒಂದನ್ನು ಒತ್ತಬೇಕು.

ಮೊದಲ ಐದು ನಿಮಿಷ ಮೌಸುಗಳ ಸದ್ದು ಹಂಚಿನ ಮೇಲೆ ಅರಳು ಸಿಡಿದಂತೆ ಕೇಳುತ್ತದೆ. ಸರಳ ಲೆಕ್ಕ, ಸರಣಿ, ಎಕ್ಸ್ ದೊಡ್ಡದೋ ವೈ ದೊಡ್ಡದೋ ಎಂಬ ವರ್ಗ ಸಮೀಕರಣಗಳು. ಇವು ಬಿಸಿಯಿದ್ದಾಗಲೇ ತಿಂದು ಮುಗಿಸಬೇಕಾದ ಭಜಿಗಳು. ಆಮೇಲೆ ಸದ್ದು ತೆಳುವಾಗುತ್ತದೆ. ಪೆನ್ನುಗಳು ಹಾಳೆಗೆ ಇಳಿಯುತ್ತವೆ. ಐದು ಊರುಗಳಲ್ಲಿ ಮೂರು ವರ್ಷ ಮಾರಾಟವಾದ ಕೊಡೆಗಳ ಕೋಷ್ಟಕವೊಂದು ಎಲ್ಲ ಪರದೆಗಳಲ್ಲೂ ಬಂದು ಕೂತಿತು. ಕಣ್ಣುಗಳು ಅಡ್ಡಕ್ಕೆ, ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಹಿಂದಿನ ಸಾಲಿನ ಒಬ್ಬ ಪರದೆಗೆ ಬೆರಳಿಟ್ಟೇ ಓದುತ್ತಿದ್ದ.

ಸೇಡಂ ಹುಡುಗಿಯ ಮೌಸು ನಿಂತೇಬಿಟ್ಟಿತ್ತು. ಇಪ್ಪತ್ತೆರಡನೆಯ ಚೌಕ. ಮೆಲ್ಲಗೆ ಬಗ್ಗಿ ಓದಿದೆ. ಒಂದು ಪಾತ್ರೆಯಲ್ಲಿ 80 ಲೀಟರ್ ಹಾಲು. ಅದರಿಂದ 8 ಲೀಟರ್ ತೆಗೆದು ಅಷ್ಟೇ ನೀರು ಹಾಕಲಾಯಿತು. ಈ ಪ್ರಕ್ರಿಯೆಯನ್ನು ಮತ್ತೆ ಎರಡು ಬಾರಿ ಪುನರಾವರ್ತಿಸಲಾಯಿತು. ಈಗ ಪಾತ್ರೆಯಲ್ಲಿರುವ ಹಾಲು ಎಷ್ಟು? ಅವಳ ಹಾಳೆಯಲ್ಲಿ ಎರಡು ಎಂದು ಬರೆದು ಹೊಡೆದದ್ದು, ಮೂರು ಎಂದು ಬರೆದು ಹೊಡೆದದ್ದು ಕಂಡಿತು. ಮತ್ತೆ ಎರಡು ಬಾರಿ ಎಂದರೆ ಒಟ್ಟು ಎರಡೋ, ಒಟ್ಟು ಮೂರೋ? ಪುನರಾವರ್ತಿಸಲಾಯಿತು ಎಂಬ ಕನ್ನಡ ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ. ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, 07:40, 07:12, 06:50. ಮೇಲ್ತುಟಿಯ ಮೇಲೆ ಬೆವರು. ಕೊನೆಗೆ ನೇರಳೆ ಗುರುತಿಟ್ಟು ಮುಂದೆ ಹೋದಳು, ಅಂಗಳದಲ್ಲಿ ಕಟ್ಟಿದ ಎಮ್ಮೆ ಬಿಟ್ಟು ಹೊರಟವರ ಹಾಗೆ ಹಿಂದೆ ನೋಡುತ್ತ.

ಈ ಕನ್ನಡದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಬ್ಯಾಂಕಿನ ಪರೀಕ್ಷೆ ಎಂದರೆ ಇಂಗ್ಲಿಷು ಇಲ್ಲವೇ ಹಿಂದಿ ಎಂಬಂತಿದ್ದ ಕಾಲ ಬಹಳ ಹಿಂದಿನದೇನಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತದೆ ಎಂಬ ಘೋಷಣೆ ಬಂದದ್ದು 2019ರಲ್ಲಿ, ಸರಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೆ ಅದೇ ಮಾತು ಬಂದದ್ದು 2021ರಲ್ಲಿ. ಅದಕ್ಕಾಗಿ ಕನ್ನಡದ ಹುಡುಗರು, ಸಂಘಟನೆಗಳು ಕೂಗಿದ ಕೂಗು ಸಣ್ಣದಲ್ಲ. ಬಂದ ಮೇಲೆ ಮಾತ್ರ ಇನ್ನೊಂದು ಬಗೆಯ ಕಷ್ಟ ಎದುರಾಯಿತು. ಪುಸ್ತಕಗಳು, ಯೂಟ್ಯೂಬಿನ ಪಾಠಗಳು, ಶಾರ್ಟ್‌ಕಟ್ಟುಗಳು ಹೆಚ್ಚಿನವು ಇಂಗ್ಲಿಷಿನಲ್ಲೇ ಇರುವುದರಿಂದ ಎಷ್ಟೋ ಮಕ್ಕಳು ಪರದೆಯ ಮೇಲೆ ಎರಡನ್ನೂ ಓದುತ್ತಾರೆ. ಕನ್ನಡ ಅನುಮಾನ ಹುಟ್ಟಿಸಿದರೆ ಇಂಗ್ಲಿಷಿಗೆ, ಇಂಗ್ಲಿಷು ಮುಗ್ಗರಿಸಿದರೆ ಕನ್ನಡಕ್ಕೆ. ಮೂವತ್ನಾಲ್ಕು ಸೆಕೆಂಡಿನಲ್ಲಿ ಅದಕ್ಕೂ ಪಾಲು ಕೊಡಬೇಕು. ಸೇಡಂ ಹುಡುಗಿ ಆ ದಿನ ಗಾಬರಿಯಲ್ಲಿ ಇಂಗ್ಲಿಷಿನ ಕಡೆ ಹೊರಳಲೇ ಇಲ್ಲ.

ಗಡಿಯಾರ ಸೊನ್ನೆ ಮುಟ್ಟಿತು. ನಲವತ್ತು ಜನ ಒಟ್ಟಿಗೆ ಬಿಟ್ಟ ಉಸಿರಿಗೆ ಪರದೆಗಳೇ ಅಲುಗಿದವೇನೋ ಅನ್ನಿಸಿತು.

ಸರ್ ಪಾಠ ನಿಜವಾಗಿ ಶುರುವಾಗುವುದು ಮಾಕು ಮುಗಿದ ಮೇಲೆ. ನಲವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಕಿಸೆಯಲ್ಲಿ ಮೂರು ಬಣ್ಣದ ಮಾರ್ಕರು. ಅವರೂ ಒಂದು ಕಾಲದಲ್ಲಿ ಇದೇ ಓಣಿಯಲ್ಲಿ ಓದಿದವರು. ಸಾಮಾನ್ಯ ವರ್ಗಕ್ಕೆ ಕ್ಲರ್ಕ್ ಹುದ್ದೆಯ ವಯಸ್ಸಿನ ಮಿತಿ 28. ಮೂರು ಸಲ ಸಂದರ್ಶನದವರೆಗೆ ಹೋಗಿ ಬಂದು ಆ ಗೆರೆ ದಾಟಿದರು. ಈಗ ತಾವು ದಾಟಲಾಗದ ಹೊಸ್ತಿಲನ್ನು ಮಕ್ಕಳಿಗೆ ದಾಟಿಸುತ್ತಾರೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರ ಹುಡುಕಿದೆ. ಸಿಗಲಿಲ್ಲ.

"ನಿಂದು ಎಷ್ಟಲೇ ತಮ್ಮಾ?"

"ಮೂವತ್ತೈದೂ ಹಚ್ಚೀನ್ರಿ ಸರ್."

"ಎಲ್ಲಾ ಹಚ್ಚಿ! ಸರಿ ಎಷ್ಟು ಬಂದಾವು?"

"ಇಪ್ಪತ್ತ್ರಿ."

ಸರ್ ಬೋರ್ಡಿನ ಮೇಲೆ ಬರೆದರು. ಸರಿ 20, ತಪ್ಪು 15. ತಪ್ಪಾದ ಒಂದೊಂದಕ್ಕೆ ಕಾಲು ಅಂಕ ಕಡಿತ. 15 ಕಾಲುಗಳು ಎಂದರೆ 3.75. ಉಳಿದದ್ದು 16.25. ಪಕ್ಕದಲ್ಲೇ ಸೇಡಂ ಹುಡುಗಿಯದನ್ನು ಬರೆದರು. ಅವಳು ಮುಟ್ಟಿದ್ದೇ 27. ಸರಿ 21, ತಪ್ಪು 6, ಕೈಗೆ ಬಂದದ್ದು 19.5. "ಸರಿ ಉತ್ತರದಾಗ ನಿಮ್ಮಿಬ್ಬರಿಗೂ ಫರಕು ಒಂದ. ಆದರ ಆಕಿ ಎಂಟು ಬಿಟ್ಟಾಳ, ನೀ ಏನೂ ಬಿಟ್ಟಿಲ್ಲ. ಹೊಲದಾಗ ಕಸಾ ಸೈತ ಹೊತ್ಕೊಂಡು ಬಂದೀಯಲ್ಲೋ!" ಲ್ಯಾಬು ನಕ್ಕಿತು. ಹುಡುಗನೂ ನಕ್ಕ, ಕಿವಿ ಕೆಂಪಾಗಿದ್ದವು.

ನಗು ಇಳಿದ ಮೇಲೆ ಸರ್ ಅವಳ ಕಡೆ ತಿರುಗಿದರು. "ಮತ್ತ ಯವ್ವಾ, ಈ ಹಾಲಿನ ಲೆಕ್ಕದ ಮ್ಯಾಲೆ ಎಷ್ಟೊತ್ತು ಕೂತೀದಿ, ನೋಡ್ಕೊಂಡಿ ಏನು?" ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹೋಯಿತೆಂಬುದನ್ನೂ ಯಂತ್ರ ಬರೆದಿಟ್ಟಿರುತ್ತದೆ. ಒಂದು ನಿಮಿಷ ಐವತ್ತೆರಡು ಸೆಕೆಂಡು. "ಅಷ್ಟರಾಗ ಮೂರು ಸಣ್ಣ ಲೆಕ್ಕ ಆಗ್ತಿದ್ವು. ಬಿಡೂದು ಬಿಟ್ಟಿ, ಖರೇ. ತಡಾ ಮಾಡಿ ಬಿಟ್ಟಿ."

ನನಗೆ ಸಪ್ತಾಪುರದಲ್ಲಿ ಕಂಡ ಎಲ್ಲಕ್ಕಿಂತ ಈ ಮಾತು ಹೆಚ್ಚು ಕಾಡಿತು. ಈ ಮಕ್ಕಳಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಕೂತು ಮಾಡು ಎಂದರೆ ಮೂವತ್ತೈದರಲ್ಲಿ ಮೂವತ್ತನ್ನು ಇವರಲ್ಲಿ ಯಾರಾದರೂ ಮಾಡಿಯಾರು. ಇವರಿಗೆ ಬಾರದ್ದು ಬಿಡುವುದು. ತಾಟಿನಲ್ಲಿ ಅಗುಳು ಬಿಡಬಾರದು, ಹೊಲದ ಬದುವಿನಲ್ಲಿ ಗೇಣು ಜಾಗ ಬಿಡಬಾರದು, ಬರುವ ಬಸ್ಸು ಬಿಡಬಾರದು, ಹಿಡಿದ ಕೆಲಸ ನಡುವೆ ಬಿಡಬಾರದು ಎಂದು ಕೇಳುತ್ತ ಬೆಳೆದವರು. ಉತ್ತರ ಪತ್ರಿಕೆಯಲ್ಲಿ ಏನೂ ಖಾಲಿ ಬಿಡಬೇಡ, ಗೊತ್ತಿದ್ದಷ್ಟು ಬರಿ, ಒಂದಾದರೂ ಮಾರ್ಕು ಕೊಡುತ್ತಾರೆ ಎಂದು ಹತ್ತನೆಯ ಇಯತ್ತೆಯವರೆಗೂ ಹೇಳಿಸಿಕೊಂಡವರು. ಅವರಿಗೆ ಇಲ್ಲಿ ದಿನಾ ಬೆಳಿಗ್ಗೆ ತಿರುವುಮುರುವು ಕಲಿಸಬೇಕು: ನೋಡು, ಹತ್ತು ಸೆಕೆಂಡಿನಲ್ಲಿ ದಾರಿ ಕಾಣದಿದ್ದರೆ ಬಿಡು, ನಡಿ. ಆರು ತಿಂಗಳ ಅಭ್ಯಾಸದಲ್ಲಿ ಗುಣಾಕಾರ ಚುರುಕಾಗುವುದು ಮೊದಲ ಎರಡು ತಿಂಗಳಲ್ಲೇ ಎನ್ನುತ್ತಾರೆ ಸರ್. ಉಳಿದ ನಾಲ್ಕು ತಿಂಗಳು ಈ ಬಿಡುವ ವಿದ್ಯೆಗೇ ಹೋಗುತ್ತವಂತೆ.

ಮಧ್ಯಾಹ್ನ ಗೆಳೆಯನ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಹೇಳಿದೆ. ಅವನು ಬ್ಯಾಂಕಿನಿಂದ ನಿವೃತ್ತ. ಬ್ಯಾಂಕುಗಳ ನೇಮಕಾತಿಗೆ ಬಿಎಸ್‌ಆರ್‌ಬಿ ಎಂಬ ಮಂಡಳಿ ಇದ್ದ ಕಾಲದಲ್ಲಿ ಪೆನ್ಸಿಲಿನಿಂದ ಪರೀಕ್ಷೆ ಬರೆದು ಸೇರಿದವನು. ಇಂದು ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರಕಾರಿ ಬ್ಯಾಂಕುಗಳಿಗೆಲ್ಲ ಪರೀಕ್ಷೆ ನಡೆಸುವ ಮುಂಬಯಿಯ ಐಬಿಪಿಎಸ್ ಹುಟ್ಟಿದ್ದು 1975ರಲ್ಲಿ, ಇನ್ನೊಂದು ಸಂಸ್ಥೆಯ ಒಳಗಿನ ಒಂದು ಘಟಕವಾಗಿ. ಸ್ವತಂತ್ರವಾದದ್ದು 1984ರಲ್ಲಿ. ಈ ಬ್ಯಾಂಕುಗಳಿಗೆಲ್ಲ ಸೇರಿಸಿ ಒಂದೇ ಪರೀಕ್ಷೆ ಎಂಬ ಪದ್ಧತಿ ಬಂದದ್ದು 2011ರಲ್ಲಿ. ಗೆಳೆಯನಿಗೆ ಇದರಲ್ಲಿ ಆಸಕ್ತಿ ಇಲ್ಲ. ಅವನು ಲೆಡ್ಜರಿನ ಕಾಲದವನು.

"ನೋಡಪಾ, ನಮಗ ಗಡಿಯಾರ ಇದ್ದಿದ್ದಿಲ್ಲ. ಹತ್ತು ಪೈಸೆ ಡಿಫರನ್ಸ್ ಬಂದ್ರ ರಾತ್ರಿ ಹತ್ತಾದ್ರೂ ಮನೀಗೆ ಹೋಗಾಂಗಿದ್ದಿಲ್ಲ" ಎಂದ. ಮೊಣಕೈ ಉದ್ದದ ಪುಟ, ಅದರ ತುಂಬ ಅಂಕಿಯ ಕಂಬ. ಬೆರಳು ಮೇಲಿನಿಂದ ಕೆಳಗೆ ಜಾರುತ್ತ ಬಂದರೆ ಕೆಳಗೆ ಮುಟ್ಟುವಷ್ಟರಲ್ಲಿ ಮೊತ್ತ ಬಾಯಲ್ಲಿರಬೇಕು. ಉಳಿತಾಯ ಖಾತೆಯ ಬಡ್ಡಿಗೆ ಆಗ ಪ್ರತಿ ತಿಂಗಳು ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕನ್ನು ಕಣ್ಣಲ್ಲೇ ಹೆಕ್ಕಬೇಕಿತ್ತು. ದಿನದಿನದ ಶಿಲ್ಕಿಗೆ ಬಡ್ಡಿ ಎಂಬ ನಿಯಮ ಬಂದದ್ದು 2010ರ ಏಪ್ರಿಲ್ 1ರಿಂದ, ಅಷ್ಟರಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿನ ಪಾಲಾಗಿತ್ತು. ಟ್ಯಾಲಿ ಆಗದಿದ್ದಾಗ ಅವರು ಮೊದಲು ಮಾಡುತ್ತಿದ್ದದ್ದು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಪೂರ್ತಿ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿದ್ದಾರೆಂಬ ಅನುಮಾನ. 182 ಬರೆಯುವಲ್ಲಿ 128 ಬರೆದರೆ ಬೀಳುವ ವ್ಯತ್ಯಾಸ 54, ಒಂಬತ್ತಾರಲೆ ಐವತ್ನಾಲ್ಕು.

ಊಟಕ್ಕೆ ಬಂದಿದ್ದ ಸೇಡಂ ಹುಡುಗಿ ಮೆಟ್ಟಿಲ ಮೇಲೇ ನಿಂತು ಇದನ್ನು ಕೇಳಿಸಿಕೊಂಡಳು. "ಕಾಕಾರ, ಇದನ್ನ ನಾವೂ ಮಾಡ್ತೀವ್ರಿ" ಎಂದು ಮೊಬೈಲಿನ ಹಿಂಬದಿಯ ಕವರಿನಲ್ಲಿ ಸಿಕ್ಕಿಸಿದ್ದ ಚೀಟಿಯ ಮೇಲೆ ಬರೆದು ತೋರಿಸಿದಳು. 347ನ್ನು 68ರಿಂದ ಗುಣಿಸಿದರೆಷ್ಟು? ಉತ್ತರಗಳು 23496, 23596, 23786. ಗುಣಿಸುವ ಗೋಜಿಗೇ ಹೋಗಬಾರದು. ಮೂರು ನಾಲ್ಕು ಏಳು ಕೂಡಿಸಿದರೆ ಹದಿನಾಲ್ಕು, ಮತ್ತೆ ಕೂಡಿಸಿದರೆ ಐದು. ಆರು ಎಂಟು ಹದಿನಾಲ್ಕು, ಅದೂ ಐದು. ಐದೈದಲೆ ಇಪ್ಪತ್ತೈದು, ಅದು ಏಳು. ಉತ್ತರದ ಅಂಕಿಗಳನ್ನು ಕೂಡಿಸಿದರೂ ಏಳೇ ಬರಬೇಕು. 23596ರಲ್ಲಿ ಮಾತ್ರ ಬರುತ್ತದೆ. ಗೆಳೆಯ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ನೋಡಿದ. ರಾತ್ರಿ ಹತ್ತರ ಲೆಡ್ಜರಿನ ಒಂಬತ್ತು ಮತ್ತು ಮೂವತ್ನಾಲ್ಕು ಸೆಕೆಂಡಿನ ಒಂಬತ್ತು ಒಂದೇ ಎಂದು ಅವನಿಗೆ ಖುಷಿಯೋ ಖುಷಿ. ಇನ್ನೊಂದು ಚಪಾತಿ ಹಾಕಿಸಿಕೊಂಡ.

ಆಮೇಲೆ ಅವನೇ ತುಸು ಗಂಭೀರನಾದ. ಈಗಿನ ಶಾಖೆಗಳಲ್ಲಿ ಬಾಯಿಲೆಕ್ಕಕ್ಕೆ ಏನು ಕೆಲಸ? ಬಡ್ಡಿಯನ್ನು ಸಿಸ್ಟಮ್ಮು ಹಾಕುತ್ತದೆ, ನೋಟನ್ನು ಯಂತ್ರ ಎಣಿಸುತ್ತದೆ. ಲೆಕ್ಕ ಮಾಡಲೇಬೇಕಿದ್ದ ನಮ್ಮನ್ನು ಇಷ್ಟು ಓಡಿಸಲಿಲ್ಲ, ಲೆಕ್ಕ ಮಾಡಬೇಕಿಲ್ಲದ ಇವರನ್ನು ಓಡಿಸುತ್ತಾರೆ ಎಂದ. ಮಾತು ಸುಳ್ಳಲ್ಲ. ಈ ಪೂರ್ವಭಾವಿಯಲ್ಲಿ ಬಂದ ಅಂಕ ಕೊನೆಯ ಆಯ್ಕೆಪಟ್ಟಿಗೆ ಸೇರುವುದೂ ಇಲ್ಲ, ಮುಖ್ಯ ಪರೀಕ್ಷೆಯ ಬಾಗಿಲು ತೆರೆದರೆ ಅದರ ಕೆಲಸ ಮುಗಿಯಿತು. ಲಕ್ಷಗಟ್ಟಲೆ ಜನ ನಿಂತ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕೆಂದು ಹೇಗೋ ಆರಿಸಬೇಕು, ಅದಕ್ಕೊಂದು ಜರಡಿ ಬೇಕು. ಜರಡಿಗೆ ಕಾಳಿನ ರುಚಿ ಗೊತ್ತಿರಬೇಕಾಗಿಲ್ಲ. ಖಾಸಗಿ ಕಂಪನಿಗಳ ಜರಡಿಯೂ ಇಂಥದ್ದೇ. 1977ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಕಟ್ಟಿದ ಎಸ್‌ಎಚ್‌ಎಲ್ ಎಂಬ ಕಂಪನಿ ಅಂಥ ಪರೀಕ್ಷೆಗಳನ್ನೇ ಜಗತ್ತಿಗೆಲ್ಲ ಮಾರುತ್ತದೆ. ಅಲ್ಲಿ ಎಷ್ಟೋ ಕಡೆ ಕ್ಯಾಲ್ಕುಲೇಟರಿಗೆ ಅಡ್ಡಿಯಿಲ್ಲ, ಗ್ರಾಫು ನೋಡಿ ಸಾರ ಹೇಳಿದರಾಯಿತು. ಗಡಿಯಾರ ಮಾತ್ರ ಅಲ್ಲೂ ತಪ್ಪಿದ್ದಲ್ಲ.

ಸೇಡಂ ಎಂದೊಡನೆ ನನಗೆ ಮಳಖೇಡ ನೆನಪಾಯಿತು. ಸೇಡಂ ತಾಲ್ಲೂಕಿನಲ್ಲೇ, ಕಾಗಿಣಾ ನದಿಯ ದಂಡೆಯಲ್ಲಿದೆ. ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೋಟೆ ನೋಡಿದ್ದೇನೆ ಎಂದಳು ಹುಡುಗಿ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ' ಬರೆದ. ಸಂಸ್ಕೃತ ಶ್ಲೋಕಗಳಲ್ಲಿ ಬಡ್ಡಿಯ ಲೆಕ್ಕ, ಪಾಲಿನ ಲೆಕ್ಕ, ಬೇರೆ ಬೇರೆ ಮಟ್ಟದ ಬಂಗಾರ ಕೂಡಿಸಿ ಕರಗಿಸಿದರೆ ಬರುವ ಬಂಗಾರದ ಲೆಕ್ಕ. ಇವಳ ಹಾಲು–ನೀರಿನ ಲೆಕ್ಕಕ್ಕೆ ಅದು ದೂರದ ಸೋದರತ್ತೆ. "ಹೌದೇನ್ರಿ! ನಮ್ಮ ಕಡೀಯವರೇ?" ಎಂದು ಕಣ್ಣರಳಿಸಿದವಳು ಮರುಕ್ಷಣ, "ಕರೆಂಟ್ ಅಫೇರ್ಸ್‌ದಾಗ ಬರಂಗಿಲ್ಲ ಬಿಡ್ರಿ" ಎಂದು ನಕ್ಕು ಮೇಲೆ ಹತ್ತಿದಳು.

ಸಂಜೆ ಮಳೆ ಹೊಳವಾಯಿತು. ಖಾನಾವಳಿಯ ಮುಂದೆ ಬೈಕುಗಳು, ಒಳಗೆ ರೊಟ್ಟಿ ಬಡಿಯುವ ಸದ್ದು. ಬೆಂಕಿ ಬೆಳಕಿನಲ್ಲಿ ಮೂವರು ಹೆಂಗಸರ ಕೈಗಳು ಒಂದೇ ತಾಳದಲ್ಲಿ ಏಳುತ್ತವೆ, ಬೀಳುತ್ತವೆ. ಜೋಳದ ಹಿಟ್ಟು ಸುಟ್ಟ ಪರಿಮಳ ಬಾಗಿಲಾಚೆಗೂ ಬಂದಿದೆ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಬೋರ್ಡು: ತಾಟಿನಾಗ ಅನ್ನ ಬಿಡಬ್ಯಾಡ್ರಿ. ಬೆಳಗ್ಗೆ ಮೂವತ್ತೈದೂ ಹಚ್ಚಿದ ಹುಡುಗ ಅದರ ಕೆಳಗೇ ಕೂತು ಎಣಗಾಯಿಯ ಕೊನೆಯ ಎಸಳನ್ನು ರೊಟ್ಟಿಯ ಚೂರಿನಲ್ಲಿ ಒರೆಸಿ ಬಾಯಿಗಿಟ್ಟ. ತಾಟು ತೊಳೆದಂತಿತ್ತು. ಎದುರಿಗೆ ಕೂತ ಗೆಳೆಯನಿಗೆ ಹೇಳುತ್ತಿದ್ದ, ಬರುವ ವಾರ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರೀಕ್ಷೆ, ಮೊದಲ ಪಾಳಿ, ಬೆಳಿಗ್ಗೆ ಬೇಗ ಚಿಗರಿ ಬಸ್ಸು ಹಿಡಿಯಬೇಕು. "ಈ ಸಲ ಎಂಟು ಬಿಡಾಂವ" ಎಂದ. ಯಾವ ಎಂಟು ಎಂದು ಗೆಳೆಯ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಅದೇ ತಿಂಗಳು ಧಾರವಾಡದಲ್ಲಿ ಇನ್ನೊಂದು ಮಾತೂ ಓಡಾಡುತ್ತಿತ್ತು. ಇಲ್ಲೇ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಇನ್ನೊಂದರ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ, ಪ್ರಧಾನ ಕಚೇರಿ ಬಳ್ಳಾರಿಗೆ ಹೋಗಿತ್ತು. ಹುದ್ದೆ ಕಡಿಮೆಯಾಗುತ್ತವೆಯೋ ಹೆಚ್ಚುತ್ತವೆಯೋ ಎಂದು ಚಹಾದಂಗಡಿಯಲ್ಲಿ ಎರಡು ಪಕ್ಷ. ಯಾರ ಬಳಿಯೂ ಲೆಕ್ಕವಿರಲಿಲ್ಲ, ಎಲ್ಲರ ಬಳಿಯೂ ಉತ್ತರವಿತ್ತು.

ರಾತ್ರಿ ಹನ್ನೊಂದರ ಸುಮಾರಿಗೆ ನೀರು ಕುಡಿಯಲು ಎದ್ದೆ. ಮಾಳಿಗೆಯ ಮೆಟ್ಟಿಲ ಮೇಲೆ ದೀಪ ಉರಿಯುತ್ತಿತ್ತು. ಖೋಲಿಯಲ್ಲಿ ಉಳಿದವರು ಮಲಗಿದ್ದರಿಂದ ಸೇಡಂ ಹುಡುಗಿ ಹೊರಗೆ ಕೂತಿದ್ದಳು, ಮೊಣಕಾಲ ಮೇಲೆ ಬೆಳಗಿನ ಅದೇ ಕಚ್ಚಾ ಹಾಳೆ. ಮೊಬೈಲು ಪಕ್ಕದಲ್ಲಿ ಸ್ವಿಚ್‌ ಆಫ್ ಆಗಿ ಬಿದ್ದಿತ್ತು.

"ಇನ್ನೂ ಓದ್ತೀಯೇನವ್ವಾ?"

"ಓದ್ಲಾಕತ್ತಿಲ್ರಿ ಕಾಕಾರ. ಸುಮ್ನ. ಆ ಹಾಲಿಂದು ನೋಡ್ಲಾಕತ್ತೀನಿ."

ಅವಸರವಿಲ್ಲದ ಅಕ್ಷರದಲ್ಲಿ ಬರೆದಿದ್ದಳು. ಒಂದು ಸಲ ತೆಗೆದರೆ ಹತ್ತರಲ್ಲಿ ಒಂಬತ್ತು ಪಾಲು ಹಾಲು ಉಳಿಯುತ್ತದೆ. ಮೊದಲ ಸಲಕ್ಕೆ 72. ಎರಡನೆಯ ಸಲಕ್ಕೆ ತೆಗೆಯುವ ಎಂಟು ಲೀಟರಿನಲ್ಲಿ ನೀರೂ ಇರುತ್ತದಲ್ಲ, ಅದಕ್ಕೆ ಇಳಿಯುವುದು ಪೂರ್ತಿ ಎಂಟಲ್ಲ, ಉಳಿಯುವುದು 64.8. ಮತ್ತೆ ಎರಡು ಬಾರಿ ಎಂದರೆ ಒಟ್ಟು ಮೂರು. ಮೂರನೆಯ ಸಲಕ್ಕೆ 58.32. ಕೆಳಗೆ ಎರಡು ಗೆರೆ ಎಳೆದಳು. ಆಮೇಲೆ ಏನನ್ನೋ ನೆನೆದವಳಂತೆ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಎಂಬತ್ತು ಲೀಟರಿಗೆ ಇಪ್ಪತ್ತೆರಡು ಲೀಟರ್ ನೀರು ಕಾಕಾರ! ನಮ್ಮೂರ ಡೇರಿಗೆ ಇದನ್ನ ಒಯ್ದ್ರ ಡಿಗ್ರಿ ಬರಂಗೇ ಇಲ್ಲ. ಕ್ಯಾನ್ ವಾಪಸ್ ಕಳಸ್ತಾರ."